ಭಟ್ಟಿ ಗಲ್ಲಿಯ ದೀಪ

ಬಸವಂತರಾಯನಿಗೆ ಮೂರ್ಛೆ ರೋಗ ಅಂಟಿಕೊಂಡದ್ದು ಕಟ್ಟಡದ ಕೆಲಸದಲ್ಲಿ ಸೆಂಟ್ರಿಂಗ್ ಹಲಗೆಯೊಂದು ತಲೆಯ ಮೇಲೆ ಬಿದ್ದ ನಂತರ. ಅಫಜಲಪುರದ ಕಡೆಯಿಂದ ಹರೆಯದಲ್ಲೇ ಮುಂಬಯಿಗೆ ಬಂದು ಊರ ತುಂಬ ಗೋಡೆ ಕಟ್ಟಿದ ಗೌಂಡಿ ಅವನು. ಆಸ್ಪತ್ರೆಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಅವನ ಹೆಂಡತಿ ದೇವಕ್ಕನಿಗೆ ಒತ್ತಿ ಹೇಳಿದ್ದರು: ಗುಳಿಗೆಯಷ್ಟೇ ನಿದ್ದೆಯೂ ಮುಖ್ಯ, ನಿದ್ದೆ ಕೆಟ್ಟರೆ ಗುಳಿಗೆ ನಾಟುವುದಿಲ್ಲ, ರಾತ್ರಿ ಕತ್ತಲೆಯ ಕೋಣೆಯಲ್ಲಿ ಮಲಗಿಸಿ.

ಕತ್ತಲೆಯ ಕೋಣೆ ದೇವಕ್ಕನ ಬಳಿ ಇರಲಿಲ್ಲ. ಕುರ್ಲಾದ ಭಟ್ಟಿ ಗಲ್ಲಿಯ ಚಾಳಿನಲ್ಲಿ ಅವರದು ಮಾಳಿಗೆಯ ಖೋಲಿ. ಹೊರಗಿನಿಂದ ಕಡಿದಾದ ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಗಾಳಿಗೆಂದು ಇದ್ದದ್ದು ಒಂದೇ ಕಿಟಕಿ, ಆ ಕಿಟಕಿಯ ಎದುರಿಗೇ ಗಲ್ಲಿಯ ದೊಡ್ಡ ದೀಪಸ್ತಂಭ. ಮೂರಂತಸ್ತಿನಷ್ಟು ಎತ್ತರದ ಕಂಬದ ತುದಿಯಲ್ಲಿ ಎಂಟು ದೀಪಗಳು ಸುತ್ತಲೂ ಮುಖ ಮಾಡಿ ನಿಂತಿದ್ದವು. ಸಂಜೆ ಅವು ಹೊತ್ತಿಕೊಂಡರೆ ಖೋಲಿಯ ಗೋಡೆಗೆ ಸುಣ್ಣ ಬಳಿದಂತೆ ಬೆಳಕು. ಕಿಟಕಿಗೆ ಹಳೆಯ ಬ್ಯಾನರ್ ಕಟ್ಟಿದರೆ ಬೆಳಕು ನಿಲ್ಲುತ್ತಿತ್ತು, ಗಾಳಿಯೂ ನಿಲ್ಲುತ್ತಿತ್ತು. ತಗಡಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿ ಮಲಗುವುದು ಒಲೆಯೊಳಗೆ ಮಲಗಿದ ಹಾಗೆ. ಬಸವಂತರಾಯ ಒದ್ದೆ ಟವೆಲ್ಲನ್ನು ಕಣ್ಣಿನ ಮೇಲೆ ಹಾಕಿಕೊಂಡು ಹೊರಳಾಡುತ್ತಿದ್ದ. ಗಲ್ಲಿಯ ಅರಳೀಮರದ ಕಾಗೆಗಳು ಬೆಳಗಾಯಿತೆಂದುಕೊಂಡು ನಡುರಾತ್ರಿಯಲ್ಲಿ ಕೂಗುತ್ತಿದ್ದವು. ವಾರಕ್ಕೊಮ್ಮೆ ಬರುತ್ತಿದ್ದ ಮೂರ್ಛೆ, ದೀಪ ಬಂದ ಮೇಲೆ ಎರಡು ದಿನಕ್ಕೊಮ್ಮೆ ಬರತೊಡಗಿತು.

ಆ ದೀಪವನ್ನು ಬೇಡಿ ತಂದವರಲ್ಲಿ ದೇವಕ್ಕನೂ ಒಬ್ಬಳು ಎಂಬುದೇ ಅವಳ ಸಂಕಟ. ಎರಡು ವರ್ಷದ ಹಿಂದೆ ಗಲ್ಲಿಯ ತಿರುವಿನಲ್ಲಿ, ಸಾರ್ವಜನಿಕ ಶೌಚಾಲಯದ ಹಿಂದೆ, ಕೆಲಸ ಮುಗಿಸಿ ಬರುತ್ತಿದ್ದ ಶ್ರಾವ್ಯಾಳ ಬಾಯಿಗೆ ಯಾರೋ ಕೈ ಅಡ್ಡ ಹಿಡಿದು ಎಳೆದಿದ್ದರು. ಹುಡುಗಿ ಕಚ್ಚಿ, ಒದ್ದು, ಹೇಗೋ ಬಿಡಿಸಿಕೊಂಡು ಓಡಿ ಬಂದಿದ್ದಳು. ಶ್ರಾವ್ಯಾ ದೇವಕ್ಕನ ಕೆಳಗಿನ ಖೋಲಿಯ ದೂಜ ಮತ್ತು ಚಂಪಾರ ಒಬ್ಬಳೇ ಮಗಳು. ಮರುದಿನ ಗಲ್ಲಿಯ ಹೆಂಗಸರೆಲ್ಲ ವಾರ್ಡ್ ಕಚೇರಿಗೆ ಮೋರ್ಚಾ ಹೋದಾಗ ದೇವಕ್ಕ ಚಂಪಾಳ ಕೈ ಹಿಡಿದು ಮುಂದಿನ ಸಾಲಿನಲ್ಲೇ ನಡೆದಿದ್ದಳು. ಗಲ್ಲಿಯ ಮಾಜಿ ನಗರಸೇವಕ, ಅಂದರೆ ಪಾಲಿಕೆಯ ಹಳೆಯ ಸದಸ್ಯ, ಮುಂದಾಗಿ ನಿಂತು ಆ ಸ್ತಂಭ ಹಾಕಿಸಿದ. ಬುಡದಲ್ಲಿ ತನ್ನ ಹೆಸರಿನ ಕಲ್ಲನ್ನೂ ಕೂರಿಸಿದ.

ಆದರೆ ಶೌಚಾಲಯದ ಕಟ್ಟಡ ಬೆಳಕಿಗೆ ಅಡ್ಡವಾಗಿತ್ತು. ಗಲ್ಲಿಯೆಲ್ಲ ಹಗಲಿನಂತೆ ಬೆಳಗಿದರೂ ಅದರ ಹಿಂದಿನ ತಿರುವಿನಲ್ಲಿ ಮಾತ್ರ ಮೊದಲಿಗಿಂತ ದಟ್ಟ ಕತ್ತಲೆ. ಪ್ರಖರ ಬೆಳಕಿನಿಂದ ಆ ನೆರಳಿಗೆ ಕಾಲಿಟ್ಟವರಿಗೆ ಒಂದು ಗಳಿಗೆ ಕಣ್ಣೇ ಕಾಣುತ್ತಿರಲಿಲ್ಲ. ಶ್ರಾವ್ಯಾ ಈಗಲೂ ಅಲ್ಲಿಗೆ ಬಂದರೆ ಅಪ್ಪನಿಗೆ ಫೋನ್ ಹಚ್ಚಿ ಮಾತಾಡುತ್ತಲೇ ದಾಟುತ್ತಿದ್ದಳು.

ಕಿಟಕಿಗೆ ಬೀಳುವ ಬೆಳಕಿನ ಬಗ್ಗೆ ದೇವಕ್ಕ ಕೊಟ್ಟ ದೂರು ವಾರ್ಡ್ ಕಚೇರಿಯಲ್ಲಿ ಯಾರ ಯಾರ ಮೇಜಿಗೋ ಅಲೆದು, ಕೊನೆಗೆ ದೀಪದ ವಿಭಾಗದ ಕಿರಿಯ ಇಂಜಿನಿಯರ್ ಸುಹಾಸನ ಕೈಗೆ ಬಂತು. ಚೆಂಬೂರಿನಲ್ಲಿ ಹುಟ್ಟಿ ಬೆಳೆದ, ಉಡುಪಿ ಕಡೆಯ ಹೋಟೆಲಿನವರ ಮೊಮ್ಮಗ. ಮೂವತ್ತರೊಳಗಿನ ವಯಸ್ಸು. ಒಂದು ಸಂಜೆ ಅವನು ಏಣಿ ಹತ್ತಿ ಬಂದು, ಖೋಲಿಯ ನಡುವೆ ನಿಂತು, ಕಿಟಕಿಯ ಕಡೆ ನೋಡಿ ಕಣ್ಣು ಕಿರಿದು ಮಾಡಿದ.

"ಸಾಹೇಬ್ರ, ದೀಪ ಬ್ಯಾಡ ಅನ್ನಲ್ರಿ ನಾ," ಎಂದಳು ದೇವಕ್ಕ. "ದೀಪ ಬೇಕಂತ ಮೋರ್ಚಾದಾಗ ನಾನೂ ಮುಂದ ನಿಂತಿದ್ದೆ. ಖರೆ ಇದು ಗಲ್ಲಿಗಿ ಹಚ್ಚಿದ್ದಲ್ಲ, ನಮ್ಮ ಮಾರಿಗಿ ಹಚ್ಚಿದ್ದು. ಇವರ ತಲಿ ನೋಡ್ರಿ, ಪೆಟ್ಟು ತಿಂದ ತಲಿ. ಇವರು ಮಲಗಲಾರದ ಎಷ್ಟ ದಿನ ಆಯ್ತೋ."

"ನೀವು ಹೇಳುದು ಕರೆಕ್ಟ್ ಆಂಟಿ," ಎಂದ ಸುಹಾಸ, ಕನ್ನಡದ ಪದಗಳನ್ನು ಹುಡುಕಿ ಹುಡುಕಿ. "ಇದರ ಲೈಟ್ ಅರ್ಧ ಮೇಲೆ ಹೋಗ್ತದೆ, ಆಸ್‌ಮಾನ್‌ಗೆ. ಉಳಿದದ್ದು ನಿಮ್ಮ ಖಿಡ್ಕಿಗೆ. ರೋಡಿಗೆ ಬರುದು ಥೋಡಾಸಾ. ಗಲ್ಲಿಗೆ ಇಷ್ಟು ದೊಡ್ಡ ಕಂಬ ಬೇಕಂತಲೇ ಇಲ್ಲ. ಸಣ್ಣ ಸಣ್ಣ ಕಂಬ ಸಾಕು. ಮೇಲೆ ಟೋಪಿ ಇರ್ಬೇಕು, ಲೈಟ್ ನೆಲಕ್ಕೇ ಬೀಳ್ಬೇಕು. ಹಳದಿ ಲೈಟ್."

ಗೋಡೆಗೆ ಒರಗಿ ಕುಳಿತಿದ್ದ ಬಸವಂತರಾಯ ನಕ್ಕ. "ಹಾಂಗಂದ್ರ ಮದಲೇ ಯಾಕ್ ಹಾಕ್ಲಿಲ್ರೀ?"

ಸುಹಾಸ ಕಿಟಕಿಯ ಕಡೆ ತಿರುಗಿದ. ಸಣ್ಣ ಕಂಬದ ಬುಡದಲ್ಲಿ ಯಾರ ಹೆಸರಿನ ಕಲ್ಲೂ ನಿಲ್ಲುವುದಿಲ್ಲ ಎಂದು ಅವನ ಮೇಲಧಿಕಾರಿ ಒಮ್ಮೆ ನಗುತ್ತ ಹೇಳಿದ್ದರು. ಅದನ್ನು ಇಲ್ಲಿ ಹೇಳಲು ಅವನಿಗೆ ನಾಚಿಕೆಯಾಯಿತು.

ಆದರೂ ಅವನು ಬಿಡಲಿಲ್ಲ. ಭಟ್ಟಿ ಗಲ್ಲಿಯನ್ನು ಮಾದರಿ ಗಲ್ಲಿ ಎಂದು ಆರಿಸಬೇಕೆಂದು ಬರೆದ, ಬೆನ್ನು ಹತ್ತಿದ, ಬೈಸಿಕೊಂಡ. ಕೊನೆಗೆ ಒಪ್ಪಿಗೆ ಸಿಕ್ಕಿತು. ಗಲ್ಲಿಯವರೇ ತಕರಾರು ತೆಗೆದರು: ಇದ್ದ ದೀಪವನ್ನೂ ಕಿತ್ತುಕೊಂಡು ಮಿಣುಕು ದೀಪ ಕೊಡುತ್ತಾರೆ, ಬಡವರ ಗಲ್ಲಿಯೆಂದು ಹೀಗೆ ಮಾಡುತ್ತಾರೆ, ಎಂದು. ಎಲ್ಲರಿಗಿಂತ ಜೋರಾಗಿ ಬೇಡವೆಂದವಳು ಶ್ರಾವ್ಯಾ.

ಆಗ ಸುಹಾಸ ಒಂದು ಉಪಾಯ ಮಾಡಿದ. ಚೆಂಬೂರಿನ ಒಂದು ಕಾಲನಿಯಲ್ಲಿ ಅಂಥ ದೀಪಗಳನ್ನು ಆಗಲೇ ಹಾಕಿದ್ದರು. ಒಂದು ಭಾನುವಾರ ಸಂಜೆ ಗಲ್ಲಿಯ ಕೆಲವರನ್ನು ಅಲ್ಲಿಗೆ ಕರೆದುಕೊಂಡು ಹೋದ. ದೂಜನಿಗೆ ಅಂದು ಹೋಟೆಲಿನಲ್ಲಿ ರಜೆ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತೇ ಅರವತ್ತು ದಾಟಿದ ಮನುಷ್ಯ ಅವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿ ಮಗಳ ಜೊತೆ ಬಂದ. ದೇವಕ್ಕ ಗಂಡನನ್ನೂ ಕರೆತಂದಳು.

ಕಾಲನಿಯ ರಸ್ತೆಯಲ್ಲಿ ದೀಪಗಳು ಮರದ ಕೊಂಬೆಗಳಿಗಿಂತ ಕೆಳಗಿದ್ದವು. ಒಂದರ ಬೆಳಕು ಮುಗಿಯುವಲ್ಲಿ ಇನ್ನೊಂದರದು ಶುರುವಾಗುತ್ತಿತ್ತು. ನಡುವೆ ಕತ್ತಲೆಯ ತುಂಡು ಎಲ್ಲಿಯೂ ಇರಲಿಲ್ಲ. ಎದುರಿಗೆ ಬರುವವರ ಮುಖ ದೂರದಿಂದಲೇ ಗುರುತು ಸಿಗುತ್ತಿತ್ತು, ಕಣ್ಣು ಮಾತ್ರ ಕುಕ್ಕುತ್ತಿರಲಿಲ್ಲ. ಮೇಲಿನ ಮನೆಗಳ ಕಿಟಕಿಗಳು ತಣ್ಣಗೆ ಕಪ್ಪಾಗಿದ್ದವು. ಶ್ರಾವ್ಯಾ ಒಬ್ಬಳೇ ರಸ್ತೆಯ ಆ ತುದಿಯವರೆಗೆ ನಡೆದು ಹೋಗಿ, ತಿರುಗಿ ಬಂದು, "ಠೀಕ್ ಹೈ," ಎಂದಳು. ಅವಳು ಅಷ್ಟು ಹೇಳಿದ್ದೇ ಸುಹಾಸನಿಗೆ ದೊಡ್ಡದಾಯಿತು.

ದೂಜ ತಲೆ ಎತ್ತಿ ನಿಂತಿದ್ದ. "ಎಂತ ಮಾರಾಯ್ರೆ ಇದು, ನಕ್ಷತ್ರ ಉಂಟಲ್ಲ ಮೇಲೆ!" ಎಂದ. ನಾಲ್ಕೈದು ಇದ್ದವು, ಮಂಕಾಗಿ. "ಬಸವಂತಣ್ಣ, ನೋಡಿ. ಕುರ್ಲಾದಲ್ಲಿ ಇದನ್ನು ಮಾರಿ ತಿಂದಿದ್ದಾರೆ."

ಬಸವಂತರಾಯ ನಕ್ಷತ್ರ ನೋಡಲಿಲ್ಲ. ಕಾಲನಿಯ ಕಟ್ಟೆಯೊಂದರ ಮೇಲೆ ಕುಳಿತವನು ಹಾಗೆಯೇ ತೂಕಡಿಸಿದ್ದ. ಎಬ್ಬಿಸಲು ಹೋದ ದೇವಕ್ಕನನ್ನು ಚಂಪಾ ತಡೆದಳು. "ಇರ್ಲಿ ದೇವಕ್ಕ. ಸ್ವಲ್ಪ ಮಲಗ್ಲಿ. ನಮಗೆಂತ ಅವಸರ?" ಆ ಸಂಜೆ ಉಳಿದವರೆಲ್ಲ ಒಬ್ಬ ಮನುಷ್ಯನ ನಿದ್ದೆಗೋಸ್ಕರ ಆ ಕಟ್ಟೆಯ ಸುತ್ತ ಮೆತ್ತಗೆ ಮಾತಾಡುತ್ತ ನಿಂತಿದ್ದರು.

ಮೇ ತಿಂಗಳ ಕೊನೆಗೆ ಕೆಲಸ ಶುರುವಾಯಿತು. ಗುತ್ತಿಗೆದಾರನ ಆಳುಗಳು ಗಲ್ಲಿಯ ಉದ್ದಕ್ಕೂ ಏಳು ಗುಂಡಿ ತೋಡಿದರು. ಕೆಲವಕ್ಕೆ ತಳದಲ್ಲಿ ಕಾಂಕ್ರೀಟ್ ಹಾಕಿ, ಕಂಬ ಕೂರಿಸಲು ಕಬ್ಬಿಣದ ಬೋಲ್ಟುಗಳನ್ನು ನೆಟ್ಟರು. ಹೊಸ ಕೇಬಲ್ ಎಳೆಯಬೇಕೆಂದು ಹಳೆಯ ಸ್ತಂಭದ ಸಂಪರ್ಕ ತೆಗೆದರು. ಶುಕ್ರವಾರ ಕಂಬಗಳು ಬರುತ್ತವೆ ಎಂದರು.

ಅಂದು ರಾತ್ರಿ ಭಟ್ಟಿ ಗಲ್ಲಿಯಲ್ಲಿ ಕತ್ತಲೆಯಾಯಿತು. ಬಸವಂತರಾಯ ಕಿಟಕಿ ತೆರೆದಿಟ್ಟು, ಊಟವಾದ ಕೂಡಲೇ ಮಲಗಿದವನು, ಬೆಳಿಗ್ಗೆ ನಲ್ಲಿಯ ಗದ್ದಲಕ್ಕೂ ಏಳಲಿಲ್ಲ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ದೇವಕ್ಕ ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಆ ವಾರ ಮೂರ್ಛೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಅವನ ಮುಖಕ್ಕೆ ಬಣ್ಣ ಬಂತು. ಒಂದು ದಿನ ಚಾಳಿನ ಒಡೆದ ಮೆಟ್ಟಿಲಿಗೆ ತಾನೇ ಸಿಮೆಂಟು ಕಲಸಿ ಮೆತ್ತಿದ. ದಹಿಸರ್‌ನಲ್ಲಿ ಮಿಠಾಯಿ ಡಬ್ಬಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗ ಶರಣು ಫೋನ್ ಮಾಡಿದಾಗ, "ನಿಮ್ಮಪ್ಪ ಮದಲಿನಂಗ ಆಗ್ಯಾರ ನೋಡು," ಎಂದು ದೇವಕ್ಕ ಹೇಳಿದಳು.

ಶುಕ್ರವಾರ ಕಂಬಗಳು ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಗುತ್ತಿಗೆದಾರನಿಗೂ ಕಚೇರಿಗೂ ಏನೋ ಜಗಳವಾಗಿ ಆಳುಗಳು ಬರುವುದೇ ನಿಂತಿತು. ಗುಂಡಿಗಳ ಸುತ್ತ ಕೆಂಪು ಬಿಳಿ ಪಟ್ಟೆಯ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಮೊದಲ ಮಳೆಗೇ ಅದು ಕಿತ್ತು ಮೋರಿಯಲ್ಲಿ ಹೋಯಿತು. ಗುಂಡಿಗಳಲ್ಲಿ ನೀರು ನಿಂತಿತು.

ಸುಹಾಸ ಅದನ್ನು ನೋಡಿ ಗಾಬರಿಯಾದ. ಒಂದು ಬೆಳಿಗ್ಗೆ ಗಲ್ಲಿಯ ನಲ್ಲಿಯ ಹತ್ತಿರ ಬಂದು ನಿಂತು ಹೇಳಿದ, "ಕಂಬ ಈ ಶುಕ್ರವಾರ ಬರ್ತದೆ ಅಂತ ಹೇಳಿದ್ದಾರೆ. ಅಲ್ಲಿ ತನಕ ಹಳೆಯ ಲೈಟನ್ನೇ ಮತ್ತೆ ಜೋಡಿಸಿ ಬಿಡ್ತೇನೆ. ಗುಂಡಿ ಡೇಂಜರ್ ಉಂಟು. ಇವತ್ತೇ ಲೈನ್‌ಮನ್ ಕಳಿಸ್ತೇನೆ."

ಕೊಡ ಹಿಡಿದು ನಿಂತಿದ್ದವರೆಲ್ಲ ಹೂಂ ಎಂದರು. ದೇವಕ್ಕ ಸಾಲಿನಿಂದ ಹೊರಗೆ ಬಂದಳು.

"ಎರಡ ದಿನ ತಡೀರಿ ಸಾಹೇಬ್ರ," ಎಂದಳು. "ಕಂಬ ಈ ಶುಕ್ರವಾರ ಬರ್ತಾವಂತ ನೀವೇ ಹೇಳೀರಲ್ಲ. ಅವರಿಗಿ ಈಗ ಎಲ್ಲಿ ಜೀವ ಬಂದದ. ಮತ್ತ ಅದನ್ನ ಹಚ್ಚಿದ್ರ ಮತ್ತ ಅದೇ ಹಾಡು. ಎರಡೇ ದಿನ."

"ದೇವಕ್ಕ, ಮಳೆ ಬರ್ತದೆ ಅಲ್ವಾ," ಎಂದಳು ಚಂಪಾ. ಅವಳ ಕೊಡ ನಲ್ಲಿಯ ಕೆಳಗೆ ತುಂಬುತ್ತಿತ್ತು. ಪಕ್ಕದಲ್ಲಿ ಹಲ್ಲುಜ್ಜುತ್ತ ದೂಜ ನಿಂತಿದ್ದ.

ಎಲ್ಲರೂ ದೂಜನನ್ನು ನೋಡಿದರು. ಗಲ್ಲಿಯಲ್ಲಿ ದಿನವೂ ತಡವಾಗಿ, ಹೋಟೆಲು ತೊಳೆದು ಮುಚ್ಚಿದ ಮೇಲೆ ಬರುವವನು ಅವನೇ. ಮಗಳ ವಿಷಯದಲ್ಲಿ ಆದದ್ದೂ ಎಲ್ಲರಿಗೂ ಗೊತ್ತಿತ್ತು. ದೂಜ ಬಾಯಿ ಮುಕ್ಕಳಿಸಿ ಉಗುಳಿದ. ಮೇಲಿನ ಕಿಟಕಿಯಲ್ಲಿ ಬಸವಂತರಾಯ ತಲೆ ಬಾಚಿಕೊಳ್ಳುತ್ತಿದ್ದುದು ಕಾಣುತ್ತಿತ್ತು.

"ಎರಡು ದಿನ ಅಲ್ವಾ. ಇರ್ಲಿ," ಎಂದ ದೂಜ. "ಮಗಳು ಈ ವಾರ ಬೇಗ ಬರ್ತಾಳೆ. ನಮ್ಮದೆಂತ, ಮೊಬೈಲಿನ ಬ್ಯಾಟರಿ ಬೆಳಕು ಉಂಟು. ಆ ಮನುಷ್ಯ ಮಲಗ್ಲಿ ಪಾಪ."

ತೀರ್ಮಾನ ಮಾಡಬೇಕಾದವನು ಸುಹಾಸ. ಅವನು ಒಮ್ಮೆ ಗುಂಡಿಗಳನ್ನೂ ಒಮ್ಮೆ ದೇವಕ್ಕನನ್ನೂ ನೋಡಿ, "ಸರಿ, ಶುಕ್ರವಾರದ ತನಕ," ಎಂದು ಹೊರಟುಹೋದ. ಗುಂಡಿಗಳ ಮೇಲೆ ಹಲಗೆ ಹಾಕಿಸಲು ಗುತ್ತಿಗೆದಾರನಿಗೆ ಫೋನ್ ಮಾಡಿದ. ಹಾಕಿಸುತ್ತೇನೆ ಎಂದು ಆ ಕಡೆಯಿಂದ ಉತ್ತರ ಬಂತು.

ಗುರುವಾರ ಸಂಜೆಯಿಂದಲೇ ಮಳೆ ಹೊಯ್ಯಿತು. ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲುಗಳು ನಿಂತವು. ಅಂಥ ರಾತ್ರಿ ಹೋಟೆಲಿನವರು ಅಲ್ಲೇ ಬೆಂಚು ಜೋಡಿಸಿ ಮಲಗುವುದಿತ್ತು. ಚಂಪಾ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಒದ್ದೆಯಾಗದಿರಲೆಂದು ಗಂಡ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಟ್ಟಿರಬೇಕು, ಹೋಟೆಲಿನಲ್ಲೇ ಮಲಗಿರಬೇಕು ಎಂದುಕೊಂಡು ಅವಳೂ ಮಲಗಿದಳು.

ಫೋನು ಪ್ಲಾಸ್ಟಿಕ್ಕಿನಲ್ಲೇ ಇತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮನೆಗೆಂದು ತಂದ ಸಾಂಬಾರಿನ ಡಬ್ಬಿ ಹಿಡಿದಿದ್ದ ದೂಜನಿಗೆ ಅದನ್ನು ತೆಗೆಯಲು ಆಗಿರಲಿಲ್ಲ. ಗಲ್ಲಿಯಲ್ಲಿ ಮೊಣಕಾಲಿನವರೆಗೆ ನೀರು, ನೆಲವೂ ಗುಂಡಿಯೂ ಒಂದೇ ಆಗಿದ್ದವು. ಶೌಚಾಲಯದ ಹಿಂದಿನ ತಿರುವಿನ ಗುಂಡಿಗೆ ಅವನು ಮುಂದಕ್ಕೆ ಮುಗ್ಗರಿಸಿ ಬಿದ್ದಿದ್ದ. ಹಣೆ ಬೋಲ್ಟಿಗೆ ಬಡಿದಿತ್ತು. ಬೆಳಗಿನ ಜಾವ ನೀರು ಇಳಿದ ಮೇಲೆ ಕೊಡ ಹಿಡಿದು ಆ ಕಡೆಯಿಂದ ಬಂದ ದೇವಕ್ಕನಿಗೆ ಮೊದಲು ಕಂಡದ್ದು ಬಿಳಿ ಅಂಗಿಯ ಬೆನ್ನು.

ಅವಳ ಕೂಗಿಗೆ ಗಲ್ಲಿಯೇ ಎದ್ದು ಬಂತು. ನಾಲ್ಕು ಜನ ಇಳಿದು ಎತ್ತಿದರು. ಚಂಪಾ ಬಂದು ಗಂಡನ ಮುಖದ ಕೆಸರನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು. ಶ್ರಾವ್ಯಾ ಅಪ್ಪನ ಕಾಲಿನ ಹತ್ತಿರ ಕುಳಿತು, ಅತ್ತ ಇತ್ತ ನೋಡಿ, ಜನರ ನಡುವೆ ನಿಂತಿದ್ದ ದೇವಕ್ಕನನ್ನು ಕಂಡಳು.

"ಇವರೇ," ಎಂದಳು. ಆಮೇಲೆ ಹಿಂದಿಯಲ್ಲಿ ಕಿರುಚಿದಳು. "ಇವರೇ ಲೈಟ್ ಬಂದ್ ಮಾಡಿಸಿದ್ದು! ಇವರ ಗಂಡನಿಗೆ ನಿದ್ದೆ ಬೇಕಿತ್ತು! ಸಿಕ್ಕಿತಾ ಆಂಟಿ ನಿದ್ದೆ?"

ದೇವಕ್ಕ ಚಂಪಾಳ ಕಡೆ ನೋಡಿದಳು. ಅಂದು ನಲ್ಲಿಯ ಹತ್ತಿರ ದೂಜ ಆಡಿದ ಮಾತು ಚಂಪಾಳಿಗೆ ಗೊತ್ತಿತ್ತು. ಅಲ್ಲಿ ನಿಂತಿದ್ದ ಇನ್ನೂ ಕೆಲವರಿಗೆ ಗೊತ್ತಿತ್ತು. ಚಂಪಾ ತಲೆ ಎತ್ತಲಿಲ್ಲ. ಹೆಂಡತಿಯೇ ಸುಮ್ಮನಿರುವಾಗ ಉಳಿದವರೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಜಿ ನಗರಸೇವಕ ಬಂದ. ಟೀವಿಯವರೂ ಬಂದರು. ಹೆಣ್ಣುಮಕ್ಕಳು ಓಡಾಡುವ ಗಲ್ಲಿಯನ್ನು ಯಾರೋ ಒಬ್ಬರ ಮಾತು ಕೇಳಿ ಕತ್ತಲೆ ಮಾಡಿದ ಅಧಿಕಾರಿಗಳನ್ನು ಬಿಡುವುದಿಲ್ಲ ಎಂದು ಅವನು ಹೇಳಿದ. ಗುಂಡಿ ತೋಡಿಟ್ಟು ಹೋದ ಗುತ್ತಿಗೆದಾರನ ಹೆಸರು ಅವನ ಬಾಯಿಗೆ ಬರಲಿಲ್ಲ. ಅಂದು ಸಂಜೆಗೇ ಸ್ತಂಭದ ಸಂಪರ್ಕ ಜೋಡಿಸಿದರು. ಸುಹಾಸನನ್ನು ವಿಚಾರಣೆಯ ತನಕ ಅಮಾನತು ಮಾಡಿದರು. ಏಳು ಗುಂಡಿಗಳಿಗೂ ಕಲ್ಲು ಮಣ್ಣು ಸುರಿದರು. ತಿಂಗಳ ನಂತರ, ಅದೇ ಗುತ್ತಿಗೆದಾರನ ಆಳುಗಳು ಬಂದು ಸ್ತಂಭಕ್ಕೆ ಇನ್ನೂ ನಾಲ್ಕು ದೀಪ ಏರಿಸಿದರು. ಅದನ್ನು ಬೆಳಗಿಸಲು ಚಂಪಾಳನ್ನು ಕರೆದು ನಿಲ್ಲಿಸಿದರು. ಕುಂಕುಮವಿಲ್ಲದ ಹಣೆ, ಹೋಟೆಲಿನವರು ಕೊಟ್ಟ ಹೊಸ ಸೀರೆ. ಯಾರೋ ಅವಳ ಕೈ ಹಿಡಿದು ಸ್ವಿಚ್ಚಿನ ಮೇಲೆ ಇಟ್ಟರು. ಅವಳು ಒತ್ತಿದಳು. ಜನ ಚಪ್ಪಾಳೆ ತಟ್ಟಿದರು.

ದೇವಕ್ಕ ಇದನ್ನೆಲ್ಲ ಮೇಲಿನಿಂದ ನೋಡಿದಳು. ದೂಜನ ಬೊಜ್ಜದ, ಉತ್ತರಕ್ರಿಯೆಯ ಊಟಕ್ಕೆ ಇಡೀ ಚಾಳಿಗೆ ಕರೆ ಹೋಗಿತ್ತು, ಅವಳ ಖೋಲಿಗೆ ಬಂದಿರಲಿಲ್ಲ. ನಲ್ಲಿಯಲ್ಲಿ ಅವಳ ಕೊಡವನ್ನು ಯಾರೂ ಮುಟ್ಟುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸಾಲು ಮುಂದೆ ಸರಿದರೂ ಅದು ಇದ್ದಲ್ಲೇ ಇರುತ್ತಿತ್ತು.

ಗಂಡನಿಗೆ ಅವಳು ಮೊದಲು ಏನೂ ಹೇಳಿರಲಿಲ್ಲ. ಆದರೆ ಚಾಳಿನಲ್ಲಿ ಯಾವ ಮಾತು ಎಷ್ಟು ದಿನ ಅಡಗೀತು? ಒಂದು ದಿನ ಬಸವಂತರಾಯ ಕೇಳಿದ, "ಶರಣೂನವ್ವಾ, ನನ್ನ ನಿದ್ದಿ ಸಲುವಾಗಿ ನೀ ದೀಪ ಬ್ಯಾಡ ಅಂದಿದ್ದೇನು?"

"ಎರಡ ದಿನ ಅಂದಿದ್ದೆ," ಎಂದಳು ದೇವಕ್ಕ. "ದೂಜಣ್ಣನೂ ಹೂಂ ಅಂದ."

"ಅಂವ ಅಂತಾನ. ಅಂವ ಅಂಥಾ ಮನಶ್ಯಾ." ಎಂದ ಬಸವಂತರಾಯ. "ನೀ ಅನಬಾರದಾಗಿತ್ತು."

ಅವನು ಎದ್ದು ಕಿಟಕಿಗೆ ಕಟ್ಟಿದ್ದ ಬ್ಯಾನರನ್ನು ಕಿತ್ತು ತೆಗೆದ. ಅಂದಿನಿಂದ ರಾತ್ರಿಯೆಲ್ಲ ದೀಪಕ್ಕೆ ಮುಖ ಮಾಡಿ ಕುಳಿತಿರುತ್ತಿದ್ದ. ದೇವಕ್ಕ ಕಾಲು ಹಿಡಿದಳು, ಅತ್ತಳು, ಬೈದಳು. "ಮಲಗ್ರಿ, ನಿಮ್ಮ ಕಾಲ್ ಬೀಳ್ತೀನಿ," ಎಂದರೆ, "ನಿದ್ದಿ ಬರವಲ್ದು," ಎನ್ನುತ್ತಿದ್ದ. ಗುಳಿಗೆ ನುಂಗುತ್ತಿದ್ದ. ಮೂರ್ಛೆ ತಿರುಗಿ ಬಂತು. ಒಂದು ಬೆಳಿಗ್ಗೆ ಏಣಿ ಇಳಿಯುವಾಗಲೇ ಬಂತು. ಮೇಲಿನ ಮೆಟ್ಟಿಲಿನಿಂದ ಅವನು ಕೆಳಗಿನ ಕಲ್ಲಿನ ಮೇಲೆ ಬಿದ್ದ. ಮೊದಲು ಓಡಿ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವಳು ಚಂಪಾ. ದೇವಕ್ಕ ಇಳಿದು ಬರುವಷ್ಟರಲ್ಲಿ ಅವಳು ಎದ್ದು ತನ್ನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಆಸ್ಪತ್ರೆಯಿಂದ ಮರಳಿದಾಗ ಬಸವಂತರಾಯನ ಬಲಗೈ ಎತ್ತಲು ಬರುತ್ತಿರಲಿಲ್ಲ. ಮಾತು ತೊದಲುತ್ತಿತ್ತು. ಆ ಏಣಿ ಅವನು ಇನ್ನು ಹತ್ತುವಂತಿರಲಿಲ್ಲ. ಶರಣು ದಹಿಸರ್‌ನಲ್ಲಿ ನೆಲಮಟ್ಟದ ಒಂದು ಖೋಲಿ ಹಿಡಿದು, ಟೆಂಪೋ ತಂದ.

ಸಾಮಾನು ಕಟ್ಟುತ್ತಿದ್ದಾಗ ಚಂಪಾ ಏಣಿ ಹತ್ತಿ ಬಂದಳು. ಬಾಗಿಲಲ್ಲೇ ನಿಂತಳು. ಶರಣು ಪಾತ್ರೆಯ ಚೀಲ ಹೊತ್ತು ಕೆಳಗಿಳಿದ ಮೇಲೆ ಒಳಗೆ ಬಂದು ಕುಳಿತಳು.

"ಅವತ್ತು ನಾನು ಹೇಳ್ಬಹುದಿತ್ತು," ಎಂದಳು. "ಇವರೇ ಒಪ್ಪಿದ್ದು ಅಂತ. ಬಾಯಿಗೆ ಬಂತು ದೇವಕ್ಕ. ಹೇಳ್ಲಿಲ್ಲ."

ದೇವಕ್ಕ ಹಗ್ಗದ ಗಂಟು ಬಿಗಿಯುತ್ತಲೇ ಇದ್ದಳು.

"ಹೇಳಿದ್ರೆ ಎಲ್ಲರೂ ಎಂತ ಹೇಳ್ತಿದ್ರು? ಅವನೇ ಬೇಡ ಅಂದ, ಅವನೇ ಬಿದ್ದ. ಸತ್ತವರ ತಲೆಗೆ ಕಟ್ತಿದ್ರು. ಮಗಳು ಅಪ್ಪನ ಮೇಲೆ ಸಿಟ್ಟು ಮಾಡ್ತಿದ್ಳು. ಅದನ್ನು ನೋಡ್ಲಿಕ್ಕೆ ನನಗೆ ಆಗುದಿಲ್ಲ. ನಿಮ್ಮ ಮೇಲೆ ಮಾಡಿದ್ರೆ... ತಡ್ಕೊಳ್ಬಹುದು ಅಂತ ಕಂಡಿತು."

"ಈಗರೆ ಹೇಳ್ತೀರೇನು ಚಂಪಕ್ಕ, ಆಕಿಗಿ?"

ಚಂಪಾ ತಲೆ ಅಲ್ಲಾಡಿಸಿದಳು. ಆಗುವುದಿಲ್ಲ ಎಂಬಂತೆ.

"ಹಂಗಾರ ನನಗ್ಯಾಕ ಹೇಳ್ಲಿಕ್ಕ ಬಂದ್ರಿ?" ದೇವಕ್ಕ ಹಗ್ಗ ಕೆಳಗಿಟ್ಟಳು. "ನನಗ ಗೊತ್ತಿತ್ತಲ್ಲ ಇದು. ನಾನೂ ಅಲ್ಲೇ ಇದ್ದೆ."

ಚಂಪಾ ಎದ್ದು ಹೋದಳು. ಬಸವಂತರಾಯನನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿದಾಗ ಅವಳು ಹೊರಗೆ ಬರಲಿಲ್ಲ.

ದಹಿಸರ್‌ನ ಖೋಲಿಯ ಹಿಂದೆ ಎತ್ತರದ ಗೋಡೆ. ಬೀದಿದೀಪ ದೂರ. ರಾತ್ರಿ ಅಲ್ಲಿ ಕೈಗೆ ಕೈ ಕಾಣದು. ಬಸವಂತರಾಯ ಅಲ್ಲಿ ಮಲಗುತ್ತಿದ್ದ. ಅವನ ಪಕ್ಕದಲ್ಲಿ ದೇವಕ್ಕ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಮಳೆ ಹೊಯ್ದ ರಾತ್ರಿ ಎದ್ದು ಕುಳಿತುಬಿಡುತ್ತಿದ್ದಳು. ಬೀದಿಯಲ್ಲಿ ನೀರಿನಲ್ಲಿ ಯಾರಾದರೂ ನಡೆದ ಸಪ್ಪಳ ಕೇಳಿದರೆ ಅದು ದೂರವಾಗುವ ತನಕ ಕಿವಿಗೊಟ್ಟಿರುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಶ್ರಾವ್ಯಾ ಫೋನ್ ಮಾಡಿದಳು. ದೇವಕ್ಕ ಹೆಸರು ಕೇಳಿ ಫೋನ್ ಹಿಡಿದು ಬಾಗಿಲಿಗೆ ಬಂದಳು.

"ಮಮ್ಮಿ ಹೇಳಿದ್ಳು, ಪಪ್ಪನೇ ಹೂಂ ಅಂದದ್ದು ಅಂತ," ಎಂದಳು ಶ್ರಾವ್ಯಾ. ಆಮೇಲೆ ಹಿಂದಿ ಬೆರೆಸಿ ಅವಸರ ಅವಸರವಾಗಿ ಮಾತಾಡಿದಳು. "ನನಗೆ ಇನ್ನೂ ಗುಸ್ಸಾ, ಸಿಟ್ಟು ಇದೆ ಆಂಟಿ. ಪಪ್ಪನ ಮೇಲೆ ಕೂಡ. ಆದ್ರೆ ಟಾಯ್ಲೆಟ್ ಹಿಂದೆ ಅಬ್ ಭೀ ಅಂಧೇರಾ, ಕತ್ತಲೆ. ಹನ್ನೆರಡು ಲೈಟ್ ಲಗಾಯಾ, ಅಲ್ಲಿ ಒಂದೂ ಇಲ್ಲ. ಕಲ್ಲು ಹಾಕಿದ್ದಾರೆ, ಕಾಲು ತಾಗ್ತದೆ. ನಾವು ನಾಲ್ಕು ಲೇಡೀಸ್ ಸೋಮವಾರ ವಾರ್ಡ್ ಆಫೀಸ್‌ಗೆ ಹೋಗ್ತೇವೆ. ಆ ಚೆಂಬೂರಿನ ಲೈಟ್ ಕೇಳ್ಲಿಕ್ಕೆ. ಮೊದಲ ಕಂಪ್ಲೇಂಟ್ ನಿಮ್ಮ ಹೆಸರಲ್ಲಿ ಉಂಟಂತೆ. ನೀವು ಬರ್ಬೇಕಂತೆ. ಸುಹಾಸ್ ಸರ್ ಹೇಳಿದ್ರು."

"ಅವರು ಎಲ್ಲಿದ್ದಾರವ್ವ ಈಗ?"

"ಬೇರೆ ಡಿಪಾರ್ಟ್‌ಮೆಂಟ್. ನೀರಿನ ಮೀಟರ್. ಲೈಟಿನ ಕೆಲಸ ಕೊಡುದಿಲ್ಲ ಅಂತೆ ಇನ್ನು."

ದೇವಕ್ಕ ಒಳಗೆ ನೋಡಿದಳು. ಗಂಡ ಮಧ್ಯಾಹ್ನದ ಕತ್ತಲೆಯಲ್ಲಿ ಗೋಡೆಯ ಕಡೆ ಹೊರಳಿ ಮಲಗಿದ್ದ.

"ಬರ್ತೀನಿ," ಎಂದಳು.

ಸೋಮವಾರ ಶರಣುವನ್ನು ಅಪ್ಪನ ಹತ್ತಿರ ಬಿಟ್ಟು, ಒಬ್ಬಳೇ ಲೋಕಲ್ ಬದಲಿಸಿ ಕುರ್ಲಾಕ್ಕೆ ಹೋದಳು. ವಾರ್ಡ್ ಕಚೇರಿಯ ಓಣಿಯಲ್ಲಿ ಉದ್ದನೆಯ ಬೆಂಚು. ಚಂಪಾ ಆ ತುದಿಯಲ್ಲಿ ಕುಳಿತಿದ್ದಳು. ಶ್ರಾವ್ಯಾ ಎದ್ದು ನಡುವೆ ಜಾಗ ಮಾಡಿದಳು. ದೇವಕ್ಕ ಕುಳಿತಳು.

ದೀಪದ ವಿಭಾಗದ ಹೊಸ ಸಾಹೇಬರು ಮಧ್ಯಾಹ್ನದ ಮೇಲೆ ಒಳಗೆ ಕರೆದರು. ಭಟ್ಟಿ ಗಲ್ಲಿಯ ಮಾದರಿ ಕೆಲಸ ರದ್ದಾಗಿದೆ, ಆ ಗಲ್ಲಿಗೆ ಈಗ ಹನ್ನೆರಡು ದೀಪ ಇವೆ, ಇನ್ನೇನು ಬೇಕು ಎಂದು ಕೇಳಿದರು.

"ಇದ್ದದ್ದು ಕಮ್ಮಿ ಮಾಡ್ರಿ," ಎಂದಳು ದೇವಕ್ಕ. "ಇಲ್ಲದಲ್ಲಿ ಹಚ್ಚ್ರಿ."

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಶ್ರಾವ್ಯಾ ಮರಾಠಿಯಲ್ಲಿ ಹೇಳಿದಳು. ಅವರು ಗೋಡೆಯ ಕಡೆ ನೋಡುತ್ತ, ದೀಪ ಕಡಿಮೆ ಮಾಡಿ ಆದ ಅನಾಹುತ ಸಾಲದೇ, ಎಂದರು. ಯಾರು ಸತ್ತದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಚಂಪಾ ಕುರ್ಚಿಯ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸತ್ತದ್ದು ನನ್ನ ಗಂಡ," ಎಂದಳು, ಹಿಂದಿಯಲ್ಲಿ. "ದೀಪ ಇಲ್ಲದ್ದಕ್ಕೆ ಸತ್ತದ್ದಲ್ಲ. ಗುಂಡಿ ಮುಚ್ಚದ್ದಕ್ಕೆ ಸತ್ತದ್ದು. ಬರೆದುಕೊಳ್ಳಿ."

ಸಾಹೇಬರು ಬರೆದುಕೊಳ್ಳಲಿಲ್ಲ. ಅರ್ಜಿ ಇಟ್ಟು ಹೋಗಿ, ನೋಡೋಣ, ಎಂದರು. ಹೆಂಗಸರು ಅರ್ಜಿ ಇಟ್ಟರು. ಹೊರಗೆ ಬಂದಾಗ ಸಂಜೆಯಾಗುತ್ತಿತ್ತು. ದೇವಕ್ಕನಿಗೆ ದಹಿಸರ್‌ಗೆ ಹೋಗುವ ಗಾಡಿ ಹಿಡಿಯಬೇಕಿತ್ತು. ಶ್ರಾವ್ಯಾ ಸ್ಟೇಷನ್ನಿನ ತನಕ ಅವಳ ಜೊತೆ ನಡೆದಳು. ಚಂಪಾ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು.